ಕಡೇ ಪಂಕ್ತಿಯ ದೊಡ್ಡತಾಯಮ್ಮ

ಹನಗೋಡಿನ ಸುತ್ತ ಯಾರ ಮನೆಯಲ್ಲಿ ಬೀಗರೂಟವಾದರೂ ಮರಿ ಕಡಿಯುವವನಿಗಿಂತ ಮೊದಲು ದೊಡ್ಡತಾಯಮ್ಮನಿಗೆ ಕರೆ ಹೋಗುತ್ತದೆ. ಎಷ್ಟು ಜನ ಬಂದಾರು, ಎಷ್ಟು ಮರಿ ಬೇಕು, ರಾಗಿ ಎಷ್ಟು ಬೀಸಿಸಬೇಕು ಎಂಬ ಅಂದಾಜನ್ನು ಮನೆಯವರ ಬಾಯಿಂದ ಹೇಳಿಸಬಾರದು. ಜಂಬವಿದ್ದವರು ಹೆಚ್ಚು ಹೇಳುತ್ತಾರೆ, ಜೇಬಿನ ಮೇಲೆ ಕೈಯಿಟ್ಟವರು ಕಡಿಮೆ ಹೇಳುತ್ತಾರೆ. ಅದಕ್ಕೇ ಹೊರಗಿನವರೊಬ್ಬರು ಹೇಳಬೇಕು. ಹೇಳಿದವರು ಕಡೇ ಪಂಕ್ತಿಯಲ್ಲಿ ಕೂರಬೇಕು. ಬಾಡು ಸಾಲದೆ ಬಂದರೆ ಖಾಲಿ ಎಲೆ ಅವರದೇ.

ದೊಡ್ಡತಾಯಮ್ಮನ ಅಂದಾಜು ಬ್ರಹ್ಮಲಿಪಿಯೇನಲ್ಲ. ಒಮ್ಮೆ ಮಳೆ ಹಿಡಿದು ಅರ್ಧ ಜನ ಬರಲೇ ಇಲ್ಲ, ಮುದ್ದೆಯನ್ನು ದನಗಳು ತಿಂದವು. ಇನ್ನೊಮ್ಮೆ ಬೀಗರು ಒಂದು ಬಸ್ಸು ಹೆಚ್ಚಿಗೆ ತುಂಬಿಕೊಂಡು ಬಂದರು, ಆಕೆ ಸಾರಿನ ನೆನಪಿನಲ್ಲೇ ಮುದ್ದೆ ನುಂಗಿ ಎದ್ದಳು. ಆದರೂ ಕರೆಯುತ್ತಾರೆ. ತಪ್ಪಾದರೆ ತಾನೇ ಉಪವಾಸ ಬೀಳುವವರ ಮಾತಿಗೆ ಒಂದು ರುಚಿ ಇರುತ್ತದೆ. ಆ ರುಚಿ ಊರಿಗೆ. ಆಕೆಗೆ ಸಿಕ್ಕಿದ್ದು ತಣ್ಣಗಾದ ಮುದ್ದೆ ಮತ್ತು ಮಂಡಿನೋವು.

ಇಂಥವಳು ಪಂಚಾಯಿತಿ ಮೆಂಬರಾದದ್ದು ಸೀಟು ಹೆಂಗಸರಿಗೆ ಬಂತೆಂದು. ಆಕೆಯ ವಾರ್ಡಿಗೆ ಊರಿನ ಕೊನೇ ಬೀದಿಯ ಜೊತೆ ಕಾಡಂಚಿನ ಗಿರಿಜನರ ಹಾಡಿಯೂ ಸೇರಿದೆ. ಹಾಡಿಯ ಜನ ನೀರಿಗೆ ಊರಿನ ಟ್ಯಾಂಕಿನವರೆಗೂ ನಡೆಯುತ್ತಾರೆ. ಅಲ್ಲಿಗೆ ಪೈಪು ಎಳೆಯುವ ಕೆಲಸ ಪ್ರತಿ ಬಜೆಟ್ಟಿನಲ್ಲೂ ಪಾಸಾಗುತ್ತದೆ, ಪ್ರತಿ ವರ್ಷವೂ ನಪಾಸಾಗುತ್ತದೆ. ಖರ್ಚಿನ ಪಟ್ಟಿ ಬೆಳೆದಾಗಲೆಲ್ಲ ಅಧ್ಯಕ್ಷ ಪುಟ್ಟಸ್ವಾಮಿ ವರಮಾನದ ಅಂದಾಜನ್ನೂ ಅಷ್ಟೇ ಜಗ್ಗಿ ಉದ್ದ ಮಾಡುತ್ತಾನೆ. ಬರಲಿರುವ ಕಂದಾಯದಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳದೂ ಇದೆ. ಬೇಲಿಯೊಂದನ್ನು ಬಿಟ್ಟು ಇನ್ನೇನೂ ಕಟ್ಟದ ರೆಸಾರ್ಟಿನದೂ ಇದೆ. ಇದಕ್ಕೆ ಆಯವ್ಯಯ ಎಂದು ಹೆಸರು. ಆಯ ತಪ್ಪಿ ಬೀಳುವುದು ಮಾತ್ರ ಯಾವಾಗಲೂ ಹಾಡಿಯ ಕಡೆಗೇ.

“ನಮ್ ಪೈಪು ಬಜೆಟ್ನಾಗೆ ಅರೀತಾ ಅದಲ್ಲವ್ವ,” ಎಂದಳು ಹಾಡಿಯ ಜವರಿ ಒಂದು ದಿನ, ಬಿಂದಿಗೆ ಇಳಿಸಿ. “ಆ ಕಾಗ್ದಾನೇ ವಸಿ ಇಂಡ್ಕೊಡು. ಒಂದ್ ಬಿಂದ್ಗೆ ಆಯ್ತದೇನೋ.”

ದೊಡ್ಡತಾಯಮ್ಮ ನಗಲಿಲ್ಲ. ಆ ಸಲದ ಬಜೆಟ್ ಸಭೆಯಲ್ಲಿ ಮಂಡಿ ಹಿಡಿದು ಎದ್ದು ನಿಂತಳು.

“ಅಧ್ಯಕ್ಸರೇ, ವರಮಾನ ಇಷ್ಟ್ ಬತ್ತದೆ ಅಂತ ಖರ್ಚು ಮಾಡೋ ನೀವೇ ಯೋಳ್ಬ್ಯಾಡಿ. ಬ್ಯಾರೆ ಒಬ್ರು ಯೋಳ್ಲಿ. ಯೋಳ್ದೋರ ವಾರ್ಡಿನ ಕೆಲ್ಸ ಕಡೇಗಿರ್ಲಿ, ಬೀಗ್ರೂಟದಂಗೆ. ಅಂಗಂತ ರೂಲ್ಸು ಬರ್ಕಳಿ.”

ಪಿಡಿಓ ಸುನೀಲ್ಕುಮಾರ್ ಕನ್ನಡಕ ಸರಿಮಾಡಿಕೊಂಡರು. “ಕಾಯ್ದೆಯಲ್ಲಿ ಹೀಗೆ ಇಲ್ಲ ಮೇಡಂ. ಬೇಡ ಅಂತಲೂ ಇಲ್ಲ. ಸಭೆ ಒಪ್ಪಿದರೆ ನಿರ್ಣಯ ಬರೀತೀನಿ.”

“ಬರ್ಕಳ್ರೀ!” ಪುಟ್ಟಸ್ವಾಮಿ ಮೇಜು ಕುಟ್ಟಿದ. “ಸರ್ವಾನುಮತ. ಯೋಳೋರ್ ಯಾರು ಅಂತ ಉಡುಕ್ಬೇಕಾ? ಊರ್ಗೆಲ್ಲ ಅಂದಾಜು ಯೋಳೋ ನಮ್ ದೊಡ್ತಾಯಕ್ಕ ಇಲ್ವಾ?”

ಚಪ್ಪಾಳೆ ಬಿತ್ತು. ಅದು ನಿಂತ ಮೇಲೆಯೇ ದೊಡ್ಡತಾಯಮ್ಮನಿಗೆ ಹೊಳೆದದ್ದು, ಕಡೆಗೆ ಹೋದದ್ದು ತನ್ನ ವಾರ್ಡೇ, ಅಂದರೆ ಹಾಡಿಯ ಪೈಪೇ. ಬೇರೆ ಯಾರಾದರೂ ಆ ಎಲೆಯ ಮುಂದೆ ಕೂರುತ್ತಾರೆ ಎಂದುಕೊಂಡಿದ್ದಳು. ಈ ಊರಿನಲ್ಲಿ ಅಂದಾಜು ಅಂದರೆ ತಾನೇ ಎಂಬುದು ಮರೆತೇಹೋಗಿತ್ತು.

ಒಪ್ಪಿಕೊಂಡ ಮೇಲೆ ಬೀದಿ ಬೀದಿ ಅಲೆದಳು. ಬ್ಯಾರನ್ನಿನವರು, “ಒಗೆಗೂ ಕಂದಾಯ್ವೇನವ್ವ?” ಎಂದು ನಕ್ಕರು. ರೆಸಾರ್ಟಿನ ಬೇಲಿಯ ಒಳಗೆ ಒಂದು ಮೇಕೆ ಮೇಯುತ್ತಿತ್ತು. ಅದರಿಂದ ಏನೂ ವಸೂಲಾಗುವಂತಿರಲಿಲ್ಲ. ಎರಡನ್ನೂ ಪಟ್ಟಿಯಿಂದ ಹೊಡೆದುಹಾಕಿಸಿದಳು. ವರಮಾನ ಇಳಿಯಿತು, ಅದರ ಹಿಂದೆಯೇ ಅರ್ಧಕ್ಕರ್ಧ ಕೆಲಸಗಳು ಉದುರಿದವು, ಮೆಂಬರುಗಳ ಮುಖಗಳೂ ಇಳಿದವು.

“ಬೇಕಂತ್ಲೇ ಕಮ್ಮಿ ಯೋಳವ್ಳೆ ಕಣ್ರೀ,” ಎಂದ ಪುಟ್ಟಸ್ವಾಮಿ. “ಮಿಕ್ಕಿದ್ದೆಲ್ಲ ಕಡೇ ಪಂಕ್ತಿಗೆ ತಾನೇ ಬರೋದು?”

ಈ ಮಾತು ಸಂಜೆಯೊಳಗೆ ಹಾಡಿ ಮುಟ್ಟಿತು. ಜವರಿ ನೇರ ಮನೆಗೇ ಬಂದಳು.

“ಅವ್ನು ಅಂದಂಗೇ ಮಾಡ್ಬುಡವ್ವ. ಇನ್ನೊಸಿ ಕಮ್ಮಿ ಯೋಳು. ಅನ್ನಿಸ್ಕಂಡಿದ್ದಂತೂ ಆಯ್ತು, ನೀರಾದ್ರೂ ಬರ್ಲಿ.”

“ಒಂದ್ ಸಲ ಅಂಗ್ ಮಾಡುದ್ರೆ ಮುಂದ್ಲೊರ್ಸ ನನ್ ಮಾತ್ನ ಯಾರೂ ನಂಬಾಕಿಲ್ಲ ಕಣೆ. ಆಮ್ಯಾಕೆ ರೆಸಾರ್ಟೇ ಗತಿ.”

“ನಿನ್ ಮಾತು ಉಳೀಲಿ ಅಂತ ನಾವ್ ಬಿಂದ್ಗೆ ಒರ್ಬೇಕಾ?”

ದೊಡ್ಡತಾಯಮ್ಮ ಎದ್ದು ಕಾಫಿಗೆ ನೀರಿಟ್ಟಳು. ಅಂದಾಜನ್ನು ಮಾತ್ರ ಬದಲಿಸಲಿಲ್ಲ. ಜವರಿ ಕಾಫಿಗೆ ಕೂರದೆ ಎದ್ದುಹೋದಳು.

ವರ್ಷ ಉರುಳಿತು. ಪಟ್ಟಿಯಲ್ಲಿ ಉಳಿದಿದ್ದ ಚರಂಡಿ, ಬೀದಿದೀಪ, ಶಾಲೆಯ ಕಾಂಪೌಂಡು ಒಂದೊಂದಾಗಿ ಮುಗಿದವು. ಹೇಳಿದ್ದು ಮುಗಿಯುವುದು ಆ ಪಂಚಾಯಿತಿಗೆ ಹೊಸ ಅನುಭವವಾದ್ದರಿಂದ ಯಾರಿಗೂ ಹೇಗೆ ಸಂತೋಷಪಡಬೇಕೆಂದು ತಿಳಿಯಲಿಲ್ಲ. ಅಂದಾಜು ತಪ್ಪಿದ್ದು ಒಂದೇ ಕಡೆ. ಪಂಚಾಯಿತಿ ಮರಗಳ ಹುಣಸೆಹಣ್ಣಿನ ಹರಾಜು ಎಂದಿನಂತೆ ಏರುತ್ತದೆ ಎಂದಿದ್ದಳು. ಆ ವರ್ಷ ಮರ ಕಾಯಿ ಕಟ್ಟಲೇ ಇಲ್ಲ. ಹುಣಸೂರು ತಾಲೂಕಿನವಳಾಗಿ ಹುಣಸೆಯಲ್ಲೇ ಎಡವಿದಳು. ಆ ಕೊರತೆ ನಿಯಮದ ಪ್ರಕಾರ ಕಡೇ ಎಲೆಗೆ ಬಿತ್ತು. ಪೈಪು ಹೊರಟು, ಹಾಡಿಗೆ ಇನ್ನೂ ಒಂದು ಕೂಗಳತೆ ಇರುವಾಗ ಹೊಂಗೆ ಮರದ ಕೆಳಗೆ ಒಂದು ನಲ್ಲಿ ಹಾಕಿಸಿಕೊಂಡು ನಿಂತುಬಿಟ್ಟಿತು.

ಮತ್ತೆ ಬಜೆಟ್ ಬಂತು. ಈ ಸಲ ಬಾಗಿಲಲ್ಲಿ ಜವರಿಯೂ ನಿಂತಿದ್ದಳು.

“ದೊಡ್ತಾಯಕ್ಕಂಗೂ ವಯಸ್ಸಾಯ್ತು,” ಎಂದ ಪುಟ್ಟಸ್ವಾಮಿ. “ಈ ಸಲ ಬ್ಯಾರೆ ಯಾರಾದ್ರೂ ಅಂದಾಜು ಯೋಳ್ರಪ್ಪ.”

ಮೆಂಬರುಗಳೆಲ್ಲ ತಲೆಯೆತ್ತಿ ತಿರುಗದ ಫ್ಯಾನನ್ನು ನೋಡಿದರು. ಯಾರಿಗೆ ಬೇಕು ಕಡೇ ಪಂಕ್ತಿ?

“ಯಾರೂ ಇಲ್ವಾ? ಅಂಗಾರೆ ಆ ರೂಲ್ಸೇ ಬುಟ್ಬುಡನ. ಮೊದ್ಲಿನಂಗೆ ನಾನೇ ಯೋಳ್ತೀನಿ.”

ದೊಡ್ಡತಾಯಮ್ಮ ಲೆಕ್ಕ ಹಾಕಿದಳು. ತಾನು ಎದ್ದರೆ ಪೈಪು ಮತ್ತೆ ಕಡೆಗೆ. ಏಳದಿದ್ದರೆ ಪೈಪು ಮತ್ತೆ ರೆಸಾರ್ಟಿನ ಲೆಕ್ಕಕ್ಕೆ. ಅವಳ ಕಣ್ಣು ಬಾಗಿಲಿನ ಕಡೆ ಹೋಯಿತು.

“ಏನ್ ನನ್ನ್ ನೋಡೀಯೆ?” ಎಂದಳು ಜವರಿ ಅಲ್ಲಿಂದಲೇ. “ರೆಸಾರ್ಟಿನ್ ನೀರ ಇಷ್ಟೊರ್ಸ ಕುಡ್ದಿದ್ದಾಯ್ತು. ಯೋಳು ನೀನೇ. ಒಂಗೇ ಮರದಿಂದ ಒತ್ಕಂಡ್ ಓಯ್ತೀವಿ, ಇನ್ನೊಂದೊರ್ಸ.”

“ಸಭೇಲಿ ಹೊರಗಿನವರು ಮಾತಾಡಬಾರದು,” ಎಂದರು ಸುನೀಲ್ಕುಮಾರ್, ಬರೆಯಲು ಪೆನ್ನು ತೆಗೆಯುತ್ತ.

ದೊಡ್ಡತಾಯಮ್ಮ ಮಂಡಿ ಹಿಡಿದು ಎದ್ದಳು. “ಬರ್ಕಳಿ,” ಎಂದಳು.

ಸಭೆ ಮುಗಿದು ಹೊರಗೆ ಬಂದಾಗ ಬಿಸಿಲು ಜೋರಾಗಿತ್ತು. ಜಗಲಿಯ ಮೇಲೆ ಕುಸಿದು ಕೂತು ನೀರು ಕೇಳಿದಳು. ಜವರಿ ಚೀಲದಿಂದ ಬಾಟಲಿ ತೆಗೆದು ಕೊಟ್ಟಳು.

“ಒಂಗೇ ಮರದ್ದು.”

ದೊಡ್ಡತಾಯಮ್ಮ ಕುಡಿದಳು. ಇನ್ನೂ ಹೊಸ ಪೈಪಿನ ವಾಸನೆ ಹೊಡೆಯುತ್ತಿತ್ತು.