ಅಜ್ಜಿಗೆ ಅರ್ಧ ಗಂಟೆ

ಜರ್ಮನಿಯ ಡಾರ್ಮ್‌ಸ್ಟಾಟ್‌ಗೆ ಬಂದ ಮೇಲೆ ನನಗೆ ಮೊದಲು ಅಂಟಿದ ಚಟವೆಂದರೆ ನಿಯಮ ಮಾಡುವುದು. ಅಂಟಿಸಿದ್ದು ಮಗಳ ಶಾಲೆಯ ಎಲ್ಟರ್ನ್‌ಆಬೆಂಡ್, ಅಂದರೆ ಪೋಷಕರ ಸಭೆ. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮುದುಡಿ ಕೂತು, ಏಳು ವರ್ಷದ ಮಗು ದಿನಕ್ಕೆ ಎಷ್ಟು ಹೊತ್ತು ಪರದೆ ನೋಡಬಹುದು ಎಂದು ಎರಡು ಗಂಟೆ ಚರ್ಚಿಸಿದೆವು. ಮನೆಗೆ ಬಂದವಳೇ ಮಗಳ ಟ್ಯಾಬ್ಲೆಟ್‌ಗೆ ಬೀಗ ಜಡಿದೆ. ದಿನಕ್ಕೆ ಅರ್ಧ ಗಂಟೆ. ನಾನು ಆರಿಸಿದ ಕಾರ್ಟೂನ್ ಮಾತ್ರ. ಜಾಹೀರಾತಿಲ್ಲ, ಹೊಡೆದಾಟವಿಲ್ಲ, ಸುದ್ದಿಯಿಲ್ಲ. ಹೊತ್ತು ಮುಗಿದರೆ ಪರದೆ ಬೂದು ಬಣ್ಣಕ್ಕೆ ತಿರುಗಿ, ಒಂದು ಗೂಬೆ ಬಂದು ರೆಕ್ಕೆ ಮಡಚಿ ಕೂರುತ್ತದೆ. ಸಾಫ್ಟ್‌ವೇರ್ ಪರೀಕ್ಷಿಸುವುದೇ ನನ್ನ ಉದ್ಯೋಗ. ದಿನವಿಡೀ ಬೇರೆಯವರ ತಪ್ಪು ಹುಡುಕುವವಳಿಗೆ ಇದೊಂದು ಯಾವ ಲೆಕ್ಕ?

ವಾರಕ್ಕೊಮ್ಮೆ ನನ್ನ ಫೋನಿಗೆ ವರದಿ ಬರುತ್ತಿತ್ತು. ನಾನು ನೋಡುತ್ತಿದ್ದುದು ಕಾರ್ಟೂನಿನ ಸಾಲೊಂದನ್ನೇ. ಚಳಿಗಾಲದ ಹೊತ್ತಿಗೆ ಭಾನುವಾರದ ಕಾರ್ಟೂನ್ ಸೊನ್ನೆಗೆ ಇಳಿಯಿತು. ಮಗು ತಾನಾಗಿಯೇ ಬಿಟ್ಟಿದೆ! ಮುಂದಿನ ಸಭೆಯಲ್ಲಿ ಕೈಯೆತ್ತಿ, ನನ್ನ ಹರಕುಮುರುಕು ಜರ್ಮನ್‌ನಲ್ಲಿ ಇದನ್ನು ಸಾರಿದೆ. ಟೀಚರ್ ತಲೆದೂಗಿದರು. ಜಂಬ ಇಳಿಯಲು ಒಂದು ವಾರ ಹಿಡಿಯಿತು.

ಭಾನುವಾರ ಇಲ್ಲಿಯ ಬೆಳಿಗ್ಗೆ ಹನ್ನೊಂದಕ್ಕೆ ಮೈಸೂರಿನಿಂದ ಅತ್ತೆಯ ವೀಡಿಯೊ ಕರೆ. ಮೈದುನನ ಮನೆಯಲ್ಲಿರುವ ಅವರು, ಅಲ್ಲಿಯ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಮೊಮ್ಮಗಳಿಗೆ ಕಥೆ ಹೇಳಲು ಕೂರುತ್ತಾರೆ. ರಾಜರಾಣಿಯರ ಕಥೆಯಲ್ಲ, ತಾವು ನಲವತ್ತೈದರಲ್ಲಿ ಸ್ಕೂಟರ್ ಕಲಿತದ್ದು, ಹಾಲಿನ ಬೂತಿಗೆ ಗುದ್ದಿದ್ದು, ಇಂಥವೇ. ಮಗಳು ಕನ್ನಡದಲ್ಲಿ ಕೇಳಿ ಜರ್ಮನ್‌ನಲ್ಲಿ ಪ್ರಶ್ನೆ ಹಾಕುತ್ತಾಳೆ. ಇಬ್ಬರಿಗೂ ಅದು ತೊಂದರೆಯೇ ಅಲ್ಲ. ಆ ಹೊತ್ತಿನಲ್ಲಿ ನಾನು ಅಡುಗೆಮನೆಯಲ್ಲಿ, ಚಿಮಣಿಯ ಸದ್ದಿನಡಿ ಒಗ್ಗರಣೆ ಹಾಕುತ್ತಿರುತ್ತಿದ್ದೆ. ಮಗಳು ಬಂದು "ಫೆರ್ಟಿಗ್, ಮುಗೀತು" ಅಂದರೆ, ಕಥೆ ಮುಗಿದಿರಬೇಕು ಅಂದುಕೊಳ್ಳುತ್ತಿದ್ದೆ.

ಒಂದು ಭಾನುವಾರ ನೆಗಡಿ ಹಿಡಿದು, ಅಡುಗೆಯನ್ನು ಗಂಡನಿಗೆ ಬಿಟ್ಟು, ಸೋಫಾದ ಇನ್ನೊಂದು ತುದಿಯಲ್ಲಿ ಹೊದ್ದು ಕೂತಿದ್ದೆ. ಅಲ್ಲಿಂದ ಮಗಳ ಟ್ಯಾಬ್ಲೆಟ್‌ನ ಪರದೆ ಕಾಣುತ್ತಿತ್ತು. ಅತ್ತೆ ಮುಂದೆ ಟೈಂಪೀಸ್ ಇಟ್ಟುಕೊಂಡು, ರೈಲು ಹಿಡಿಯುವವರ ಹಾಗೆ ಮಾತಾಡುತ್ತಿದ್ದರು.

"ಇನ್ನೆರಡೇ ನಿಮಿಷ ಪುಟ್ಟಿ, ಬೇಗ ಹೇಳ್ಬಿಡ್ತೀನಿ. ಆ ಪೊಲೀಸ್ನೋನು ಲೈಸೆನ್ಸ್ ಎಲ್ಲಮ್ಮ ಅಂದ್ನಾ, ನಾನೇನಂದೆ ಗೊತ್ತಾ…"

ಅಷ್ಟರಲ್ಲಿ ಗೂಬೆ ಬಂತು.

ವೀಡಿಯೊ ಕರೆಯನ್ನು ಮಿತಿಯಿಂದ ಹೊರಗಿಡಬೇಕಿತ್ತು, ನಾನು ಇಟ್ಟಿರಲಿಲ್ಲ. ಅತ್ತೆಯ ಮಾತೂ ಕಾರ್ಟೂನಿನ ಅರ್ಧ ಗಂಟೆಯಲ್ಲೇ ಕಳೆದುಹೋಗುತ್ತಿತ್ತು. ದೀಪದ ಬುಡದಲ್ಲೇ ಕತ್ತಲೆ. ಮಗಳನ್ನು ಕೇಳಿದೆ. ಬೆಳಿಗ್ಗೆ ಕಾರ್ಟೂನ್ ನೋಡಿದರೆ ಅಜ್ಜಿಗೆ ಹತ್ತೇ ನಿಮಿಷ ಉಳಿಯುತ್ತೆ, ಅದಕ್ಕೇ ಭಾನುವಾರ ನೋಡಲ್ಲ, ಅಜ್ಜಿಗೂ ರೂಲ್ಸ್ ಹೇಳಿದ್ದೀನಿ, ಎಂದು ಜರ್ಮನ್‌ನಲ್ಲಿ ಹೇಳಿ ಪಝಲ್ ಜೋಡಿಸಲು ಹೋದಳು. ನಾನು ಸಭೆಯಲ್ಲಿ ಬೀಗಿದ್ದು ಇದಕ್ಕೆ! ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ನನ್ನ ಫೋನಿನಿಂದಲೇ ಅತ್ತೆಗೆ ಕರೆ ಮಾಡಿದೆ.

"ಕಾಲ್ ಕಟ್ಟಾಗ್ತಿದೆ ಅಂತ ನೀವು ಒಂದ್ ಮಾತು ಹೇಳ್ಬಾರ್ದಿತ್ತಾ ಅತ್ತೆ?"

"ನಿನ್ ಮನೆ, ನಿನ್ ರೂಲ್ಸು ಕಣಮ್ಮ," ಅಂದರು, ಒಂದಿಷ್ಟೂ ಸಿಟ್ಟಿಲ್ಲದೆ. "ಮಗೂಗೆ ಯಾವ್ದು ಎಷ್ಟು ಒಳ್ಳೇದು ಅಂತ ನಿಂಗೆ ಗೊತ್ತಿರತ್ತೆ. ನನ್ ಮಾತೂ ಇಷ್ಟೇ ಸಾಕು ಅಂತ ಇಟ್ಟಿದೀಯ ಅಂದ್ಕೊಂಡೆ."

ಅತ್ತುಬಿಟ್ಟೆ. ನೆಗಡಿ ಎಂದೆ. ಆಮೇಲೆ, ತಪ್ಪು ನನ್ನದೇ ಅತ್ತೆ, ಎಂದೂ ಹೇಳಿದೆ. ಅವತ್ತೇ ಕರೆಗಿದ್ದ ಮಿತಿ ತೆಗೆದೆ. ಕಾರ್ಟೂನಿನದು ಹಾಗೇ ಇದೆ. ಅದರ ಬಗ್ಗೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ಮುಂದಿನ ಭಾನುವಾರ ಮಾತು ಒಂದು ಗಂಟೆ ದಾಟಿತು. ಪೊಲೀಸಿನವನ ಪ್ರಸಂಗ ನಿಧಾನವಾಗಿ, ಅಭಿನಯ ಸಮೇತ ಮುಗಿಯಿತು. ಮಗಳು ಹಸಿವಾಯಿತೆಂದು ಎದ್ದು ಹೋದಳು. ಕರೆ ಮುಗಿಸೋಣವೆಂದು ನಾನು ಟ್ಯಾಬ್ಲೆಟ್ ಎತ್ತಿಕೊಂಡೆ. ಅತ್ತೆ ಇನ್ನೂ ಅಲ್ಲೇ ಕೂತಿದ್ದರು.

"ಇನ್ನೂ ಟೈಮಿದ್ಯಾ?"

"ಎಷ್ಟು ಬೇಕಾದ್ರೂ ಇದೆ ಅತ್ತೆ."

"ಹಾಗಾದ್ರೆ ಕೂತ್ಕೊ," ಎಂದರು. "ಇಷ್ಟು ದಿನ ನಿನ್ನ ವಿಚಾರಿಸ್ಕೊಳ್ಳೋಕೇ ಆಗಿರ್ಲಿಲ್ಲ. ಹೇಗಿದೀಯಮ್ಮ ನೀನು?"