ಕಂಕುಳ ಗಂಟು ಮತ್ತು ಕೊಬ್ಬು ಕರಗಿಸುವ ಮಷೀನು

ತಂಗಿ ಕೈ ಮೇಲೆತ್ತಿ ಮಲಗಿದ್ದಳು. ಕಂಕುಳಿಗೆ ಜೆಲ್ ಹಚ್ಚಿಯಾಗಿತ್ತು. ಕೊಬ್ಬು ಕರಗಿಸುವ ಅಲ್ಟ್ರಾಸೌಂಡ್ ಮಷೀನು ಆನ್ ಆಗಿತ್ತು. ಅಷ್ಟರಲ್ಲಿ ಹೊರಗೆ ನನ್ನ ತೊಡೆಯ ಮೇಲಿದ್ದ ಅವಳ ಕೂಸು ಹಸಿದು ಅಳತೊಡಗಿತು.

ಅಳದೇ ಇದ್ದಿದ್ದರೆ? ವಾರವಾಯಿತು, ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ತಂಗಿ ಬಾಣಂತನಕ್ಕೆಂದು ಇಳಕಲ್ಲಿನ ನಮ್ಮ ಮನೆಯಲ್ಲಿದ್ದಾಳೆ. ಗಂಡನ ಮನೆಗೆ ಹೊರಡುವ ದಿನಕ್ಕೆಂದು ಹೊಲಿಸಿದ್ದ ಖಣದ ಕುಪ್ಪಸ ತೋಳಿಗೆ ಏರಲಿಲ್ಲ. ಎರಡೂ ಕಂಕುಳಲ್ಲಿ ಉಬ್ಬು. ನಾವು ತಪ್ಪು ಹೊರಿಸಿದ್ದು ಬಾಣಂತಿಗೆಂದು ಕಟ್ಟಿದ ಅಂಟಿನ ಉಂಡಿಯ ಮೇಲೆ. (ಕಟ್ಟಿದವಳು ನಾನೇ. ತುಪ್ಪಕ್ಕೆ ಲೆಕ್ಕ ಇಟ್ಟಿರಲಿಲ್ಲ.) ತಿಂದ ಉಂಡಿಯೆಲ್ಲ ಕಂಕುಳಲ್ಲೇ ಕೂತಿದೆ ಎಂದು ಅವ್ವ ನಕ್ಕಳು. ನಾನೂ ನಕ್ಕೆ.

ಎಂ.ಎಸ್ಸಿ ಓದಿದ ನಾನು ಡಾಕ್ಟರನ್ನು ಹುಡುಕಿದೆನೇ? ಇಲ್ಲ, ಮೊಬೈಲಿನಲ್ಲಿ ಜಾಹೀರಾತು ಹುಡುಕಿದೆ. ಕತ್ತರಿ ಬೇಡ, ಹೊಲಿಗೆ ಬೇಡ, ಕಂಕುಳ ಕೊಬ್ಬು ಮಾಯ! ಕೂಸಿಗೆ ಇಂಜೆಕ್ಷನ್ ಇದೆ ಎಂದು ಅವ್ವನಿಗೆ ಸುಳ್ಳು ಹೇಳಿ ಬಾಗಲಕೋಟೆಯ ಬಸ್ಸು ಹತ್ತಿದೆವು. ಜಾಹೀರಾತಿನ ಆ ಕ್ಲಿನಿಕ್ಕಿನ ಫಾರ್ಮಿನಲ್ಲಿ ತೂಕ ಕೇಳಿದ್ದರು, ಎತ್ತರ ಕೇಳಿದ್ದರು. ಹಾಲೂಡಿಸುತ್ತೀರಾ ಎಂದು ಕೇಳಿರಲಿಲ್ಲ. (ಕೂಸು ನನ್ನ ಕೈಯಲ್ಲಿತ್ತು. ನನ್ನದೇ ಅಂದುಕೊಂಡರೇನೋ.)

ಅಳು ಕೇಳಿ ತಂಗಿ ಎದ್ದು ಕೂತಳು. ಕೂಸನ್ನು ಒಳಗೆ ಒಯ್ದೆ. ಅದು ಎದೆಗೆ ಬಾಯಿ ಹಾಕುತ್ತಲೇ ಅವಳ ಕಂಕುಳ ಉಬ್ಬು ನನ್ನ ಕಣ್ಣೆದುರೇ ಬಿಗಿಯಿತು. ಮುಟ್ಟಿದರೆ ಕಲ್ಲು. ಕೊಬ್ಬು ಎಲ್ಲಾದರೂ ಕೂಸಿನ ಹಸಿವಿಗೆ ಓಗೊಡುತ್ತದೆಯೇ?

"ಹತ್ತ ಮಿನಿಟಿನ ಕೆಲಸರಿ ಅಕ್ಕಾರ," ಎಂದಳು ಮಷೀನಿನಾಕೆ. ನಾನು ಜೆಲ್ ಒರೆಸಿ ತಂಗಿಯನ್ನು ಹೊರಡಿಸಿದೆ.

ಅಲ್ಲಿಂದ ನೇರ ಹೋದದ್ದು ಅದೇ ಊರಿನ ಹೆರಿಗೆ ಡಾಕ್ಟರ ಬಳಿ. ಅವರು ಮಷೀನಿನ ವಿಷಯ ಕೇಳಿ, ಒತ್ತಿ ನೋಡಿದರು. "ಇದು ಬೊಜ್ಜಲ್ಲವ್ವಾ. ಎದ್ಯಾಗಿರೋ ಹಾಲಿನ ಗ್ರಂಥಿ, ಕೆಲವರಿಗೆ ಕಂಕಳಾಗೂ ಇರ್ತದ. ಹಾಲು ಬಿಡಿಸಿದ ಮ್ಯಾಲೆ ತಾನ ಇಳೀತದ. ಇದರ ಮ್ಯಾಲೆ ಆ ಮಷೀನ್ ಇಟ್ಟಿದ್ರ ಆ ಗ್ರಂಥಿಗೇ ಪೆಟ್ಟು ಬೀಳ್ತಿತ್ತು."

ವಾಪಸ್ ಬರುವಾಗ, ಹುನಗುಂದ ದಾಟಿದ ಮೇಲೆ, ನೋಯುತ್ತಿತ್ತೇ ಎಂದು ತಂಗಿಯನ್ನು ಕೇಳಿದೆ.

"ತಿಂಗಳಾತಕ್ಕಾ."

"ಹೇಳಬಾರದಿತ್ತನ?"

"ನೀವೆಲ್ಲಾ ನಗಾಕತ್ತಿದ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಈಗ ದಿನಕ್ಕೆರಡು ಬಾರಿ ತಣ್ಣೀರ ಬಟ್ಟೆ ಇಡುತ್ತೇವೆ. ನೋವು ತಗ್ಗಿದೆ. ಕೂಸು ಹೊಟ್ಟೆ ತುಂಬ ಕುಡಿದು ಮಲಗುತ್ತದೆ, ತಂಗಿಯೂ ನಿದ್ದೆ ಮಾಡುತ್ತಾಳೆ. ಮನೆ ನೆಮ್ಮದಿಯಾಗಿದೆ.

ನಿಮ್ಮ ಮನೆಯಲ್ಲೂ ಬಾಣಂತಿ ಇದ್ದರೆ, ಎಲ್ಲಿ ನೋಯುತ್ತದೆ ಎಂದು ಇವತ್ತು ಅವಳನ್ನು ನಿಮ್ಮಲ್ಲಿ ಯಾರು ಕೇಳಿದಿರಿ?