ಹಪ್ಪಳ ವಿಭಾಗದ ಮೇಲ್ವಿಚಾರಕಿ

ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಮೇಲು. ಆಮೇಲೆ ಹೇಳಿದರೆ, ಓದುವವರು ನನ್ನನ್ನು ಪಾಪದವಳು ಎಂದುಕೊಂಡೇ ಅರ್ಧ ದಾರಿ ಬಂದುಬಿಟ್ಟಿರುತ್ತಾರೆ.

ಅರವತ್ತರ ದಶಕದ ಮೊದಲ ವರ್ಷಗಳು ಅವು. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಬ್ಲಾಕಿನ ಮಹಿಳಾ ಸಮಾಜದವರು ಒಂದು ಮನೆಯನ್ನು ಬಾಡಿಗೆಗೆ ಹಿಡಿದು ಹಪ್ಪಳ ವಿಭಾಗ ನಡೆಸುತ್ತಿದ್ದರು. ಹದಿನಾಲ್ಕು ಹೆಂಗಸರು ನಾವು. ಒಳಗಿನ ದೊಡ್ಡ ಹಾಲ್‌ನಲ್ಲಿ ಹಿಟ್ಟು ಕಲಸಿ, ಕುಟ್ಟಿ, ಲಟ್ಟಿಸುವುದು. ತಾರಸಿಯ ಮೇಲೆ ಒಣಗಿಸುವುದು. ಮುಂದಿನ ಜಗಲಿಯಲ್ಲಿ ಪೊಟ್ಟಣ ಕಟ್ಟುವುದು. ನಾನು ಮೊದಲ ದಿನದಿಂದಲೂ ಇದ್ದವಳು, ಹಿಟ್ಟಿನ ಜವಾಬ್ದಾರಿ ನನ್ನದು. ಮನೆಯವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ‘ಹಪ್ಪಳ ತಾನೇ, ಆಫೀಸೇನಲ್ಲವಲ್ಲ’ ಎಂದು ಅತ್ತೆ ಒಪ್ಪಿದ್ದರು.

ನಮ್ಮ ಹಪ್ಪಳಕ್ಕೆ ಹೆಸರು ಬಂದದ್ದೇ ಮಡಿಯಿಂದ. ಬಸವನಗುಡಿಯ ದೊಡ್ಡ ಮನೆಗಳವರು ಅಂಗಡಿಯ ಹಪ್ಪಳ ಮುಟ್ಟದಿದ್ದರೂ ಸಮಾಜದ್ದನ್ನು ತರಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟೇ ಬರಬೇಕು. ತಿಂಗಳಿನ ಮೂರು ದಿನ ಹೊರಗಾದವರು ಸಮಾಜದ ಮೆಟ್ಟಿಲನ್ನೇ ಹತ್ತುವಂತಿಲ್ಲ, ಆ ದಿನಗಳಿಗೆ ಕೂಲಿಯೂ ಇಲ್ಲ. ಇದು ಅನ್ಯಾಯ ಎಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ.

ಆರು ವರ್ಷ ಮೇಲ್ವಿಚಾರಕಿಯಾಗಿದ್ದವರ ಗಂಡನಿಗೆ ಹಾಸನಕ್ಕೆ ವರ್ಗವಾಯಿತು. ಆ ಜಾಗ ನನ್ನದೇ ಎಂದು ಎಲ್ಲರೂ ಅಂದರು. ನಾನಂತೂ ಅತ್ತೆಗೆ ಆಗಲೇ ಹೇಳಿಬಿಟ್ಟಿದ್ದೆ. ಮೀಟಿಂಗಿನ ದಿನ ಅಧ್ಯಕ್ಷೆ (ನಿವೃತ್ತ ಇಂಜಿನಿಯರೊಬ್ಬರ ಹೆಂಡತಿ, ನಾವೆಲ್ಲ ಅಮ್ಮಾವ್ರು ಅನ್ನುತ್ತಿದ್ದೆವು) ನನ್ನ ಕಡೆಗೇ ತಿರುಗಿ ಕೇಳಿದರು.

“ಏನಮ್ಮಾ, ನೀವು ನೋಡ್ಕೊತೀರಾ?”

“ಅಯ್ಯೋ, ನನಗ್ಯಾಕೆ ಅಮ್ಮಾವ್ರೆ ಅದೆಲ್ಲ” ಅಂದೆ.

ನಾನು ಬೆಳೆದ ಮನೆಯಲ್ಲಿ ಕಾಫಿ ಕೊಟ್ಟರೂ ಮೊದಲು ‘ಬೇಡ’ ಅನ್ನಬೇಕು. ಅವರು ಬಲವಂತ ಮಾಡಬೇಕು, ಇನ್ನೊಮ್ಮೆ ‘ಬೇಡ’ ಅನ್ನಬೇಕು, ಮೂರನೆಯ ಸಲಕ್ಕೆ ‘ಅರ್ಧ ಲೋಟ ಸಾಕು’ ಎಂದು ತೆಗೆದುಕೊಳ್ಳಬೇಕು. ಮೊದಲ ಸಲಕ್ಕೇ ಕೈ ಚಾಚುವುದು ಹೊಟ್ಟೆಬಾಕರ ಲಕ್ಷಣ. ನಾನು ಎರಡನೆಯ ಬಲವಂತಕ್ಕಾಗಿ ತಲೆ ತಗ್ಗಿಸಿಕೊಂಡು ಕಾಯುತ್ತಿದ್ದೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ದನಿ ಬಂತು.

“ನಾನ್ ಮಾಡ್ತೀನಿ ಅಮ್ಮಾವ್ರೆ.”

ಯಡಿಯೂರಿನವಳು. ಸೇರಿ ಒಂದು ವರ್ಷವೂ ತುಂಬಿರಲಿಲ್ಲ, ನನಗಿಂತ ಐದಾರು ವರ್ಷ ಚಿಕ್ಕವಳು. ನಮ್ಮ ಬ್ಲಾಕಿನ ಒಂದು ಮೂಲೆ ಮೊದಲು ಅವಳ ಮಾವನ ರಾಗಿ ಹೊಲವಾಗಿತ್ತಂತೆ. ಅವಳು ಲಟ್ಟಿಸಿದ ಹಪ್ಪಳ ನೋಡಿದರೆ ಮೈಸೂರು ರಾಜ್ಯದ ನಕ್ಷೆ ನೆನಪಾಗುತ್ತಿತ್ತು. ಅಮ್ಮಾವ್ರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಅವಳನ್ನು ನೋಡಿದರು, “ಸರಿ, ಹಾಗಾದ್ರೆ ನೀನೇ ಮಾಡು” ಅಂದುಬಿಟ್ಟರು. ನನ್ನ ಅರ್ಧ ಲೋಟ ಕಾಫಿ ಅವಳು ಕುಡಿದಳು.

ಆ ಸಂಜೆಯಿಂದ ಶುರುವಾಯಿತು ನೋಡಿ ನನ್ನ ಹೊಟ್ಟೆ ಉರಿ. ಅವಳ ನಡಿಗೆ ಕಂಡರಾಗದು, ನಗು ಕೇಳಿದರಾಗದು. ‘ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ’ ಎಂದು ಪಕ್ಕದವಳ ಕಿವಿಯಲ್ಲಿ ಹೇಳಿ ಸಮಾಧಾನಪಟ್ಟುಕೊಂಡೆ. ಆದರೆ ತಿಂಗಳು ನಾಲ್ಕಾದರೂ ಈ ಅಗಸನ ಕೈ ಇಳಿಯಲಿಲ್ಲ.

ಎಣ್ಣೆಯ ವಿಷಯವನ್ನೇ ತೆಗೆದುಕೊಳ್ಳಿ. ಎಣ್ಣೆ ತಂದುಕೊಡುವವನು ಎರಡು ವರ್ಷದಿಂದ ಕಮಟು ಎಣ್ಣೆಯನ್ನೇ ಸುರಿದು ಹೋಗುತ್ತಿದ್ದ. ನನಗೆ ಗೊತ್ತಿತ್ತು. ವಾಸನೆ ಮುಚ್ಚಲೆಂದು ನಾನು ಇಂಗು ಹೆಚ್ಚು ಹಾಕುತ್ತಿದ್ದೆ, ಅದನ್ನೇ ಜಾಣತನ ಎಂದುಕೊಂಡಿದ್ದೆ. ಅವಳು ಮೇಲ್ವಿಚಾರಕಿಯಾದ ಮೊದಲ ವಾರವೇ ಡಬ್ಬದ ಮುಚ್ಚಳ ತೆಗೆದು ಮೂಸಿದಳು.

“ಏನಣ್ಣ ಇದು, ಕಮಟು ಹೊಡೀತೈತೆ. ವಾಪಸ್ ತಗೊಂಡ್ಹೋಗಿ. ನಾಳೆ ಒಳ್ಳೇದು ತನ್ನಿ, ಇಲ್ದಿದ್ರೆ ಬರಲೇಬೇಡಿ.”

ಅಷ್ಟೇ. ಕೂಗಾಡಲಿಲ್ಲ, ಹಲ್ಲು ಕಿರಿಯಲಿಲ್ಲ. ಅವನು ಡಬ್ಬ ಹೊತ್ತುಕೊಂಡು ಹೋದ, ಮಾರನೆಯ ದಿನ ಒಳ್ಳೆಯ ಎಣ್ಣೆ ತಂದ. ಎರಡು ವರ್ಷದಲ್ಲಿ ನನ್ನಿಂದ ಆಗದ್ದನ್ನು ಅವಳು ಒಂದು ನಿಮಿಷದಲ್ಲಿ ಮುಗಿಸಿದ್ದಳು.

ಅವತ್ತು ಮನೆಗೆ ಬಂದು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ಸಾಲಾಗಿಟ್ಟ ಬೇಳೆ ಡಬ್ಬಿಗಳ ಎದುರು ನಿಂತು “ವಾಪಸ್ ತಗೊಂಡ್ಹೋಗಿ” ಅಂದೆ. ಸಾಲ ಕೇಳಲು ಬಂದವಳ ದನಿ ಹೊರಟಿತು. ಇನ್ನೊಮ್ಮೆ ಅಂದೆ, ಗಂಟಲು ನಡುಗಿತು. ಆಮೇಲೆ ಅದೊಂದು ಚಟವಾಯಿತು. ಅವಳು ಹಗಲು ಸಮಾಜದಲ್ಲಿ ಏನು ಹೇಳುತ್ತಿದ್ದಳೋ ಅದನ್ನೇ ನಾನು ಸಂಜೆ ಡಬ್ಬಿಗಳಿಗೆ ಹೇಳುವುದು. “ಯಾರ ಹತ್ರನೇ ಮಾತಾಡ್ತಿದ್ದೀಯ?” ಎಂದು ಅತ್ತೆ ನಡುಮನೆಯಿಂದ ಕೂಗುತ್ತಿದ್ದರು. ಊಟಕ್ಕೆ ಕೂತಾಗ ಅವಳನ್ನು ಬೈಯುತ್ತಿದ್ದೆ. “ಅವಳ ಸುದ್ದಿ ನೆಂಚಿಕೊಳ್ದೆ ನಿನಗೆ ಅನ್ನ ಇಳಿಯಲ್ವಾ?” ಎಂದು ನಮ್ಮವರು ನಕ್ಕರು.

ಅವಳಿಗೆ ನನ್ನ ಮೇಲೆ ದ್ವೇಷವಿದ್ದಿದ್ದರೆ ನನಗೆಷ್ಟೋ ಸುಖವಿತ್ತು. ಅವಳೋ ಎಲ್ಲರ ಎದುರಿಗೆ “ಹಿಟ್ಟಿನ ವಿಷಯ ನಂಗೊತ್ತಿಲ್ಲ ಕಣ್ರೇ, ಅಕ್ಕ ಹೇಳ್ದಂಗೆ ಮಾಡಿ” ಅನ್ನುತ್ತಿದ್ದಳು. ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಅಷ್ಟು ಜನರ ನಡುವೆ ಹೇಳಿ, ಆಮೇಲೂ ಮೇಲ್ವಿಚಾರಕಿಯಾಗಿಯೇ ಉಳಿಯುವುದು ಹೇಗೆ? ಅದೂ ನನ್ನ ಎದೆಯಲ್ಲಿ ಉರಿಯಿತು.

ಬೇಸಿಗೆಯ ಮದುವೆಗಳ ಕಾಲ. ವಿಲ್ಸನ್ ಗಾರ್ಡನ್ನಿನ ಒಂದು ಸಂಪ್ರದಾಯಸ್ಥ ಮನೆಯಿಂದ ಮದುವೆಗೆ ದೊಡ್ಡ ಆರ್ಡರ್ ಬಂತು, ಇದ್ದದ್ದು ಒಂದೇ ವಾರ. ಆ ವಾರವೇ ಮೂವರು ಒಟ್ಟಿಗೆ ಹೊರಗಾದರು. ಅವಳು ಮೂವರಿಗೂ ಹೇಳಿ ಕಳಿಸಿದಳು.

“ಹಿಟ್ಟು ಮುಟ್ಟೋದು ಬೇಡ, ಒಳಗೂ ಬರೋದು ಬೇಡ. ಜಗಲೀಲಿ ಕೂತು ಚೀಟಿ ಅಂಟಿಸಿ. ಕೂಲಿ ಕೊಡ್ತೀನಿ.”

ಚೀಟಿ ಎಂದರೆ ಪೊಟ್ಟಣದ ಮೇಲೆ ಹಚ್ಚುವ ಸಮಾಜದ ಹೆಸರಿನ ಕಾಗದ. ಅಮ್ಮಾವ್ರನ್ನು ಅವಳು ಕೇಳಿರಲಿಲ್ಲ. ಮೂವರೂ ಬಂದರು. ಅವರಲ್ಲಿ ಒಬ್ಬಳು ಎರಡು ಮಕ್ಕಳ ವಿಧವೆ, ಅಂಟಿನ ಬಟ್ಟಲು ಮುಂದಿಟ್ಟುಕೊಂಡು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಅದನ್ನು ನೋಡಿ ನನಗೆ ಕರುಣೆ ಬರಬೇಕಿತ್ತು. ಬಂದದ್ದು ಒಂದೇ ಯೋಚನೆ: ಆರು ವರ್ಷದಲ್ಲಿ ಇದು ನನಗೆ ಯಾಕೆ ಹೊಳೆಯಲಿಲ್ಲ?

ಭಾನುವಾರ ಮಧ್ಯಾಹ್ನ ನಾನೂ ಹೊರಗಾದೆ. ಅತ್ತೆ ನಾದಿನಿಯ ಬಾಣಂತನಕ್ಕೆಂದು ತುಮಕೂರಿಗೆ ಹೋಗಿದ್ದರು. ಸಂಜೆ ವರಾಂಡದ ಮೂಲೆಯಲ್ಲಿ ಚಾಪೆ ಹಾಕಿಕೊಂಡು, ತಟ್ಟೆ ಲೋಟ ಬೇರೆ ಇಟ್ಟುಕೊಂಡು ಕೂತಿದ್ದೆ. ಒಳಗೆ ನಮ್ಮವರು ಅನ್ನ ಬಸಿಯುತ್ತಿದ್ದರು. ಅಷ್ಟರಲ್ಲಿ ಅವಳು ಗೇಟು ತೆಗೆದು ಬಂದಳು.

“ಅಕ್ಕಾ, ನಾಳೆ ಕೊನೇ ಕಂತಿನ ಹಿಟ್ಟು, ಬೇಗ ಬನ್ನಿ ಅನ್ನೋಕೆ ಬಂದೆ” ಅಂದವಳು ಚಾಪೆ ನೋಡಿದಳು, ತಟ್ಟೆ ನೋಡಿದಳು. “ಇರ್ಲಿ ಬಿಡಿ. ಹಿಟ್ಟಿಗೆ ಹಾಕೋ ಸೋಡಾ ನೀರಿನ ಅಳತೆ ಹೇಳಿ, ನಾವೇ ಕಲಸ್ಕೊತೀವಿ. ನೀವು ಬೇಕಾದ್ರೆ ಜಗಲೀಗೆ ಬನ್ನಿ.”

ನನ್ನ ಹಿಟ್ಟನ್ನು ಅವಳು ಕಲಸುವುದೇ? ನಾನು ಅವಳ ಜಗಲಿಯಲ್ಲಿ ಕೂತು ಚೀಟಿ ಅಂಟಿಸುವುದೇ?

“ಏನಿಲ್ಲ, ಸುಮ್ನೆ ತಲೆನೋವು, ಅದಕ್ಕೇ ಮಲಗಿದ್ದೆ. ನಾಳೆ ನಾನೇ ಬರ್ತೀನಿ” ಅಂದೆ.

ಅವಳು ಒಂದು ಕ್ಷಣ ನನ್ನ ಮುಖವನ್ನೇ ನೋಡಿ, “ಸರಿ ಅಕ್ಕ” ಎಂದು ಹೋದಳು.

ಮಾರನೆಯ ಬೆಳಿಗ್ಗೆ ತಲೆಗೆ ನೀರು ಸುರಿದುಕೊಂಡು, ಜಗಲಿಯಲ್ಲಿ ಕೂತಿದ್ದ ಆ ಮೂವರನ್ನು ದಾಟಿ ಒಳಗೆ ಹೋದೆ. ಹಿಟ್ಟಿಗೆ ಕೈ ಹಾಕುವ ಮುಂಚೆ ಮನಸ್ಸಿನಲ್ಲೇ ದೇವರಿಗೆ ತಪ್ಪುಕಾಣಿಕೆ ಹೇಳಿಕೊಂಡೆ. ನಾನು ನಂಬಿದವಳು, ಪಾಪ ಅಂಟುತ್ತದೆ ಎಂದು ನಿಜವಾಗಿ ನಂಬಿದ್ದವಳು. ಆದರೆ ಆ ಹೆದರಿಕೆಗಿಂತ ಹೊಟ್ಟೆಕಿಚ್ಚು ದೊಡ್ಡದಾಗಿತ್ತು. ಹಿಟ್ಟು ಎಂದಿಗಿಂತ ಹದವಾಗಿ ಬಂತು.

ಮದುವೆ ಮುಗಿದ ಮೇಲೆ ವಿಲ್ಸನ್ ಗಾರ್ಡನ್ನಿನವರು ತಾವಾಗಿ ಬಂದು ಹೊಗಳಿದರಂತೆ. ಅಮ್ಮಾವ್ರು ಹಾಲಿನ ನಡುವೆ ನಿಂತು ಅವಳ ಬೆನ್ನು ತಟ್ಟಿ, “ನೀನು ಬಂದ್ಮೇಲೆ ಹಪ್ಪಳದ ರುಚೀನೇ ಬೇರೆ ಕಣೇ” ಅಂದರು. “ಹಿಟ್ಟು ಅಕ್ಕಂದು ಅಮ್ಮಾವ್ರೆ” ಎಂದು ಅವಳು ಅಂದಳು. ಅಮ್ಮಾವ್ರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ನಾನು ಕೈಗೆ ಅಂಟಿದ ಹಿಟ್ಟು ಕೆರೆಯುತ್ತಾ ನಿಂತಿದ್ದೆ.

ಆ ಶುಕ್ರವಾರ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವಾಗ ಅಮ್ಮಾವ್ರ ಹಿಂದೆಯೇ ನಡೆದೆ.

“ಹೇಳಬಾರ್ದು ಅಮ್ಮಾವ್ರೆ, ಆದ್ರೂ ಮನಸ್ಸು ತಡೀದು. ಈಗ ಹೊರಗಾದವ್ರೂ ಬಂದು ಜಗಲೀಲಿ ಕೂರ್ತಾರೆ. ಇವಳೇ ಕರೆಸ್ತಾಳೆ. ನಾನು ಹೇಳ್ದೆ ಅನ್ಬೇಡಿ ಮತ್ತೆ.”

ಇಷ್ಟು ಉದ್ದದ ಮಾತನ್ನು ನಾನು ಅಮ್ಮಾವ್ರ ಹತ್ತಿರ ಆಡಿದ್ದು ಅದೇ ಮೊದಲು. ಮಂಗಳಾರತಿಯಾಗುವ ಹೊತ್ತಿಗೆ ಅವರ ಮುಖ ಕೆಂಪಗಾಗಿತ್ತು.

ಮರುದಿನವೇ ಎಲ್ಲರನ್ನೂ ಹಾಲಿನಲ್ಲಿ ಸೇರಿಸಿದರು. ಅವಳನ್ನು ಎಬ್ಬಿಸಿ ನಿಲ್ಲಿಸಿ, ನಾನು ಹೇಳಿದ್ದು ನಿಜವೇ ಎಂದು ನನ್ನ ಹೆಸರೆತ್ತದೆ ಕೇಳಿದರು.

“ನಿಜ ಅಮ್ಮಾವ್ರೆ. ನಾನೇ ಬನ್ನಿ ಅಂದೆ. ಕೂಲಿ ಬಿಟ್ಟು ಮನೇಲಿ ಕೂರೋಷ್ಟು ಅನುಕೂಲ ಅವ್ರಿಗಿಲ್ಲ. ಆ ಮೂವರೂ ಹಿಟ್ಟು ಮುಟ್ಟಿಲ್ಲ.”

ಅವಳ ದನಿ ನೆಟ್ಟಗಿತ್ತು. ಅಮ್ಮಾವ್ರು ಸ್ವಲ್ಪ ಮೆತ್ತಗಾದರು. ಅವರಿಗೂ ಅವಳು ಬೇಕಾಗಿದ್ದಳು, ಅದು ಮುಖದಲ್ಲೇ ಕಾಣುತ್ತಿತ್ತು.

“ಸರಿ, ಜಗಲಿ ಹಾಳಾಗ್ಲಿ. ಮದುವೆ ಮನೆಗೆ ಹೋದ ಹಿಟ್ಟನ್ನ ಹೊರಗಾದವ್ರು ಯಾರೂ ಮುಟ್ಟಿಲ್ಲ ಅಂತ ದೇವರ ಮೇಲೆ ಆಣೆ ಮಾಡು. ಇಲ್ಲಿಗೇ ಬಿಟ್ಬಿಡೋಣ.”

ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಅಲ್ಲಿದ್ದವರೆಲ್ಲ ಅವಳ ಕಣ್ಣಿನ ಹಿಂದೆಯೇ ನನ್ನ ಕಡೆ ತಿರುಗುತ್ತಿದ್ದರು. ಅದಕ್ಕೇ ನೋಡಲಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ತಲೆನೋವಿನ ಸುಳ್ಳನ್ನು ಅವಳು ಒಂದು ಗಳಿಗೆಯೂ ನಂಬಿರಲಿಲ್ಲ.

“ಆಣೆ ಮಾಡೋಕಾಗಲ್ಲ ಅಮ್ಮಾವ್ರೆ” ಅಂದಳು.

“ಯಾರು ಮುಟ್ಟಿದ್ದು, ಹೇಳು ಹಾಗಾದ್ರೆ.”

“ಅದೂ ಹೇಳಲ್ಲ. ನೋಡ್ಕೊಬೇಕಾದವಳು ನಾನು. ತಪ್ಪು ನಂದೇ.”

ನಾನು ಎದ್ದು ನಿಲ್ಲಬಹುದಿತ್ತು. ಎರಡು ಮಾತು ಸಾಕಿತ್ತು. ನನ್ನ ಕಾಲುಂಗುರವನ್ನು ನೋಡುತ್ತಾ ಕೂತೆ. ನಾಚಿಕೆ, ಹೆದರಿಕೆ ಎರಡೂ ಇದ್ದವು, ಇಲ್ಲ ಅನ್ನುವುದಿಲ್ಲ. ಅವುಗಳ ಅಡಿಯಲ್ಲಿ ಅದೇ ಹಳೆಯ ಉರಿ: ಸೋಲುವಾಗಲೂ ಇವಳು ಹೀಗೆ ನಿಲ್ಲುತ್ತಾಳಲ್ಲ, ನನಗೆ ಗೆಲ್ಲುವಾಗಲೂ ನಿಲ್ಲಲು ಬರುವುದಿಲ್ಲವಲ್ಲ!

ಅಮ್ಮಾವ್ರು ಅವಳಿಗೆ ನಾಳೆಯಿಂದ ಬರಬೇಡ ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಮಡಿ ಮೈಲಿಗೆ ಗೊತ್ತಿರೋರು ನೀವೊಬ್ರೇ. ನೀವಾದ್ರೂ ನೋಡ್ಕೊತೀರಾ?” ಎಂದು ಕೇಳಿದರು.

“ಆಗ್ಲಿ ಅಮ್ಮಾವ್ರೆ” ಅಂದೆ. ಎರಡನೆಯ ಬಲವಂತಕ್ಕೆ ಕಾಯಲಿಲ್ಲ.

ಅವಳು ಗೇಟಿನ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈದರೆ ತಿರುಗಿ ಬೈಯಬಹುದು, ಲೆಕ್ಕ ಚುಕ್ತಾ ಆಗುತ್ತದೆ ಎಂದು ಆಸೆಯೂ ಇತ್ತು.

“ಅಕ್ಕ, ಎಣ್ಣೆಯವನ್ನ ಬಿಗಿಯಾಗಿ ಇಟ್ಕೊಳ್ಳಿ, ಸಡಿಲ ಬಿಟ್ರೆ ಮತ್ತೆ ಹಳೇದೇ ತರ್ತಾನೆ” ಅಂದಳು. ಗೇಟಿಗೆ ಕೈ ಹಾಕಿ, “ಆ ಮೂವರನ್ನ ಕೈಬಿಡ್ಬೇಡಿ. ನಿಮ್ಗೆ ಗೊತ್ತಲ್ಲ” ಅಂದಳು. ನಾನು ‘ಹೂಂ’ ಅಂದೆ. ಅವಳು ಯಡಿಯೂರು ಕೆರೆಯ ಕಡೆಗೆ ನಡೆದು ಹೋದಳು.

ಮುಂದಿನ ತಿಂಗಳು ಒಂದು ಬೆಳಿಗ್ಗೆ ನಾನು ಹಿಟ್ಟು ಕಲಸುತ್ತಿದ್ದೆ. ಆ ವಿಧವೆ ಗೇಟಿನ ಆಚೆಯೇ ನಿಂತು ಕೂಗಿದಳು.

“ಅಕ್ಕಾ, ಜಗಲೀಲಿ ಕೂತ್ಕೊಳ್ಲಾ?”

ಹಾಲಿನಲ್ಲಿ ಲಟ್ಟಣಿಗೆಗಳು ನಿಂತವು. ಎಲ್ಲರೂ ನನ್ನನ್ನೇ ನೋಡಿದರು. ಅಮ್ಮಾವ್ರು ಅಂದು ಬರುವವರಿರಲಿಲ್ಲ. ಹೂಂ ಅಂದಿದ್ದರೆ ಯಾರೂ ಚಾಡಿ ಹೇಳುತ್ತಿರಲಿಲ್ಲ. ಅಲ್ಲಿ ಚಾಡಿ ಹೇಳುವವಳು ಇದ್ದದ್ದು ನಾನೊಬ್ಬಳೇ. ಆದರೆ ಮಡಿಯ ಹೆಸರಿನಲ್ಲಿ ದಕ್ಕಿದ ಕೆಲಸ ಅದು.

“ಬೇಡ. ಮೂರು ದಿನ ಬಿಟ್ಟು ಬಾ” ಅಂದೆ.

ಕೂಗಾಡಲಿಲ್ಲ, ಗಂಟಲು ನಡುಗಲಿಲ್ಲ. ಮಾತು ಹಾಲ್ ದಾಟಿ, ಜಗಲಿ ದಾಟಿ, ಗೇಟಿನವರೆಗೂ ನೆಟ್ಟಗೆ ಹೋಯಿತು. ಅವಳು ಸೆರಗು ಹೊದ್ದುಕೊಂಡು ಬಂದ ದಾರಿಯಲ್ಲೇ ತಿರುಗಿದಳು. ಒಳಗೆ ಎಲ್ಲರೂ ತಲೆ ತಗ್ಗಿಸಿ ಮತ್ತೆ ಲಟ್ಟಿಸತೊಡಗಿದರು. ಅವಳು ರಸ್ತೆಯ ತಿರುವು ದಾಟುವುದರೊಳಗೆ ನಾನು ಮನಸ್ಸಿನಲ್ಲಿ ಅಂದುಕೊಂಡದ್ದು ಇದೊಂದೇ: ಅಬ್ಬಾ, ಕೊನೆಗೂ ನನಗೂ ದನಿ ಬಂತು.